ಫೋಟೊ ಇತ್ತು, ದಾರಿ ಇರಲಿಲ್ಲ

ಪತ್ರಿಕೋದ್ಯಮ ಓದಿದವರಿಗೆ ವೆಬ್‌ಸೈಟಿನ ಒಳಗಿನ ಉಸಾಬರಿ ಯಾಕೆ ಅಂತ ನಮ್ಮ ಬ್ಯಾಚಿನಲ್ಲೇ ಹಲವರು ಕೇಳುತ್ತಾರೆ. ವರದಿ ಬರೆಯುವುದು ನಮ್ಮ ಕೆಲಸ, ಪುಟಕ್ಕೆ ಹಾಕುವುದು ಕಂಪ್ಯೂಟರಿನವರ ಕೆಲಸ ಅನ್ನುವುದು ಅವರ ವಾದ. ದೊಡ್ಡ ಪತ್ರಿಕೆಗಳಲ್ಲಿ ಆ ಮಾತು ನಡೆದೀತು. ಅಲ್ಲಿ ಅದಕ್ಕೇ ಅಂತ ಬೇರೆ ಜನ ಇರುತ್ತಾರೆ. ನಮ್ಮಂಥವರ ಕಡೆ ಹಾಗಲ್ಲ. ಊರಿಗೆ ಹೋಗಿ ಬಂದವರೇ ಬರೆಯಬೇಕು, ಬರೆದವರೇ ಕರಡು ತಿದ್ದಬೇಕು, ತಿದ್ದಿದವರೇ ರಾತ್ರಿ ಕರೆಂಟ್ ಇರುವ ಹೊತ್ತು ನೋಡಿ ಪುಟ ಏರಿಸಬೇಕು.

ಹಾಗಾಗಿ ಈ ಸಲ ಒಂದು ಗೀಟಿನ ಬಗ್ಗೆ ಬರೆಯುತ್ತಿದ್ದೇವೆ. ಓರೆಯಾಗಿ ಎಳೆದ ಒಂದೇ ಒಂದು ಗೀಟು, ಸ್ಲ್ಯಾಶ್ ಅಂತಾರಲ್ಲ, ಅದು. ಫೈಲಿನ ವಿಳಾಸದ ಮೊದಲಿಗೇ ಈ ಗೀಟು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಆ ವ್ಯತ್ಯಾಸ ಯಾರೂ ಗಮನಿಸದೆ ಹೋದರೆ ವರ್ಷಗಟ್ಟಲೆ ದುಡಿದು ಮಾಡಿದ ಸಂಚಿಕೆಗಳು ಕಣ್ಣೆದುರಿದ್ದೂ ಇಲ್ಲದಂತಾಗುತ್ತವೆ.

ನಮ್ಮ ಕೋರ್ಸಿನಲ್ಲಿ ಪ್ರಾಯೋಗಿಕ ಪತ್ರಿಕೆ ಅಂತ ಒಂದಿತ್ತು. ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಬರೆದದ್ದೆಲ್ಲ ನಾಲ್ಕು ಪುಟದ ಪತ್ರಿಕೆಯಾಗಿ ಬರುತ್ತಿತ್ತು. ಕುಡಿಯುವ ನೀರು, ಮುಚ್ಚಿದ ಶಾಲೆ, ಸಂತೆ, ಜಾತ್ರೆ, ಬಸ್ಸು ಬಾರದ ಊರು, ಎಲ್ಲವೂ ಅದರಲ್ಲಿರುತ್ತಿದ್ದವು. ನಾವು ಸೇರುವ ಹೊತ್ತಿಗಾಗಲೇ ಹಳೆಯ ಸಂಚಿಕೆಗಳಿಗೆ ಒಂದು ಜಾಲತಾಣ ಇತ್ತು. ಯಾವುದೋ ಕಂಪ್ಯೂಟರ್ ಸೆಂಟರಿನವರು ಪುಟಕ್ಕಿಷ್ಟು ಅಂತ ದುಡ್ಡು ತೆಗೆದುಕೊಂಡು ಮಾಡಿಕೊಟ್ಟಿದ್ದರಂತೆ. ಆಮೇಲೆ ಆ ವಿಳಾಸದ ಬಾಡಿಗೆ ಕಟ್ಟುವವರಿಲ್ಲದೆ, ಇಡೀ ತಾಣವನ್ನು ಎತ್ತಿ ಇನ್ನೊಂದು ತಾಣದ ಒಳಗೆ 'ಹಳೆಯದು' ಎಂಬ ಫೋಲ್ಡರಿನಲ್ಲಿ ಇಟ್ಟರು. ಅಟ್ಟಕ್ಕೆ ಹಳೆಯ ಸಾಮಾನು ಹಾಕಿದ ಹಾಗೆ. ಅದನ್ನು ನೋಡಿಕೊಳ್ಳುವ ಕೆಲಸ ಕೋರ್ಸು ಮುಗಿದ ಮೇಲೆ ನಮ್ಮ ಪಾಲಿಗೆ ಬಂತು.

ಬಂದ ಕೆಲವೇ ತಿಂಗಳಲ್ಲಿ ಒಂದು ಫೋನು. ನಮ್ಮ ಹಿಂದಿನ ಬ್ಯಾಚಿನವರು ಒಂದು ಊರ ಕೆರೆಯ ಬಗ್ಗೆ ಬರೆದಿದ್ದರು. ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೋಡಿಯ ನೀರು ಹಳ್ಳ ಹಿಡಿದು ಹರಿಯುವ ಫೋಟೊ ಆ ವರದಿಯ ಜೊತೆ ಅಚ್ಚಾಗಿತ್ತು. ಈಗ ಆ ಹಳ್ಳಕ್ಕೆ ಯಾರೋ ಮಣ್ಣು ತುಂಬಿ ಕಲ್ಲುಕಂಬ ನೆಟ್ಟಿದ್ದಾರೆ. ಅಲ್ಲಿ ಹಳ್ಳವೇ ಇರಲಿಲ್ಲ ಅನ್ನುತ್ತಿದ್ದಾರೆ. ಊರಿನವರು ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಆ ವರದಿ ಯಾರಿಗೋ ನೆನಪಾಗಿ, ಹುಡುಕಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದಾರೆ.

"ಏನ್ರಪ್ಪಾ, ಬರಹ ಐತೆ, ಪಟ ಇಲ್ಲವಲ್ಲ" ಅಂದರು ಊರಿನ ಹಿರಿಯರೊಬ್ಬರು. "ಬರೀ ಚೌಕ ಬಂದೈತೆ. ಅದನ್ನ ತಗಂಡು ಹೋಗಿ ಸಾಹೇಬ್ರಿಗೆ ಏನಂತ ತೋರ್ಸಾನ?"

"ಇರಿ ಯಜಮಾನ್ರೇ, ನೋಡಿ ಹೇಳ್ತೀವಿ" ಅಂದೆವು.

ಸರ್ವರಿನ ಫೋಲ್ಡರ್ ತೆಗೆದು ನೋಡಿದರೆ ಫೋಟೊ ಅಲ್ಲೇ ಇತ್ತು. ಅಳಿಸಿ ಹೋಗಿರಲಿಲ್ಲ, ಕೆಟ್ಟೂ ಇರಲಿಲ್ಲ. ನೇರವಾಗಿ ತೆರೆದರೆ ಕೋಡಿಯ ನೀರು ಕಾಣುತ್ತಿತ್ತು. ಪುಟದಲ್ಲಿ ಮಾತ್ರ ಬರುತ್ತಿರಲಿಲ್ಲ. ಪುಟಕ್ಕೂ ಫೋಟೊಕ್ಕೂ ನಡುವಿನ ದಾರಿ ತಪ್ಪಿತ್ತು, ಅಷ್ಟೆ.

ಅಚ್ಚಿನ ಪತ್ರಿಕೆಗೂ ವೆಬ್ ಪುಟಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಪತ್ರಿಕೆಯಲ್ಲಿ ಬರಹವೂ ಫೋಟೊವೂ ಒಂದೇ ಹಾಳೆಯ ಮೇಲೆ ಕೂತಿರುತ್ತವೆ. ಹಾಳೆ ಹರಿದರೆ ಎರಡೂ ಹರಿಯುತ್ತವೆ, ಉಳಿದರೆ ಎರಡೂ ಉಳಿಯುತ್ತವೆ. ವೆಬ್ ಪುಟದ ಒಳಗೆ ಸಾಮಾನ್ಯವಾಗಿ ಫೋಟೊ ಇರುವುದೇ ಇಲ್ಲ. ಫೋಟೊ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಬ್ರೌಸರ್ ಆ ವಿಳಾಸ ಓದಿ, ಅಲ್ಲಿಗೆ ಹೋಗಿ, ಫೋಟೊ ತಂದು ಜಾಗದಲ್ಲಿ ಕೂರಿಸುತ್ತದೆ. ವಿಳಾಸಕ್ಕೆ ಹೋದಾಗ ಅಲ್ಲಿ ಏನೂ ಇಲ್ಲದಿದ್ದರೆ ಖಾಲಿ ಚೌಕ ಬಿಟ್ಟು ಸುಮ್ಮನಾಗುತ್ತದೆ.

ಆ ವಿಳಾಸಕ್ಕೆ ಪಾತ್ ಅಂತಾರೆ, ದಾರಿ ಅಂತಲೇ ಅರ್ಥ. ಇದನ್ನು ಮೂರು ಬಗೆಯಲ್ಲಿ ಬರೆಯಬಹುದು. ಓದುವ ಅನುಕೂಲಕ್ಕೆ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇವೆ. ನಮ್ಮ ವರದಿಯ ಪುಟ '2011' ಫೋಲ್ಡರಿನ ಒಳಗಿನ 'ಸಂಚಿಕೆ4' ಎಂಬ ಫೋಲ್ಡರಿನಲ್ಲಿದೆ ಅಂದುಕೊಳ್ಳಿ. ಫೋಟೊಗಳೆಲ್ಲ ಹೊರಗೆ 'ಚಿತ್ರಗಳು' ಎಂಬ ಒಂದೇ ಫೋಲ್ಡರಿನಲ್ಲಿವೆ.

ಮೊದಲನೆಯದು:
../../ಚಿತ್ರಗಳು/ಕೋಡಿ.ಜೆಪಿಜಿ

ಎರಡನೆಯದು:
/ಚಿತ್ರಗಳು/ಕೋಡಿ.ಜೆಪಿಜಿ

ಮೂರನೆಯದು:
ಎಚ್‌ಟಿಟಿಪಿಎಸ್://ನಮ್ಮತಾಣ.ಇನ್/ಚಿತ್ರಗಳು/ಕೋಡಿ.ಜೆಪಿಜಿ

ಊರಲ್ಲಿ ದಾರಿ ಕೇಳಿದಾಗ ಜನ ಹೇಳುವ ರೀತಿ ನೆನಪಿಸಿಕೊಂಡರೆ ಇವು ಮೂರೂ ಗೊತ್ತಿರುವಂಥವೇ. ಒಬ್ಬರು "ಈ ಓಣಿ ದಾಟಿ, ಆ ಓಣಿ ದಾಟಿ, ಎಡಕ್ಕೆ ತಿರುಗಿ" ಅನ್ನುತ್ತಾರೆ. ಅದು ನೀವು ನಿಂತ ಜಾಗದಿಂದ ಹೇಳಿದ ದಾರಿ. ಎರಡೆರಡು ಚುಕ್ಕೆ ಅಂದರೆ ಒಂದು ಫೋಲ್ಡರ್ ಹೊರಕ್ಕೆ ಬನ್ನಿ ಅಂತ. ಎರಡು ಸಲ ಬಂದರೆ ಸಂಚಿಕೆ4 ದಾಟಿ, 2011 ದಾಟಿ ಹೊರಗೆ ಬಂದಿರುತ್ತೀರಿ. ಅಲ್ಲಿಂದ ಚಿತ್ರಗಳಿಗೆ ಹೋಗಬೇಕು.

ಇನ್ನೊಬ್ಬರು "ಅಗಸೆ ಬಾಗಿಲಿಂದ ಒಳಗೆ ಬಂದರೆ ಮೂರನೇ ಮನೆ" ಅನ್ನುತ್ತಾರೆ. ಇಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದು ಮುಖ್ಯವಲ್ಲ. ಊರಿನ ಯಾವ ಮೂಲೆಯಲ್ಲಿದ್ದರೂ ಮೊದಲು ಅಗಸೆಗೆ ಹೋಗಿ, ಅಲ್ಲಿಂದ ಎಣಿಸಿ. ಮೊದಲಿಗೆ ಇರುವ ಓರೆಗೀಟು ಹೇಳುವುದು ಇದನ್ನೇ. ತಾಣದ ಅಗಸೆಗೆ ರೂಟ್ ಅಂತ ಹೆಸರು, ಬೇರು ಅಂದ ಹಾಗೆ. ಮೂರನೆಯದು ಅಂಚೆ ವಿಳಾಸ. ಊರು, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಎಲ್ಲ ಸೇರಿ ಬರೆದದ್ದು. ಯಾವ ಊರಿನಿಂದ ಕಾಗದ ಹಾಕಿದರೂ ತಲುಪುತ್ತದೆ.

ಎರಡನೆಯದು ಎಷ್ಟು ಅನುಕೂಲ ಅಂತ ಒಂದು ತಾಣ ನಡೆಸಿದವರಿಗೆ ಗೊತ್ತಾಗುತ್ತದೆ. ಪತ್ರಿಕೆಯ ಹೆಸರಿನ ಪಟ್ಟಿ, ಮೇಲಿನ ಮೆನು, ಅಕ್ಷರದ ಫಾಂಟು, ಪುಟದ ಬಣ್ಣ ಹೇಳುವ ಸ್ಟೈಲ್ ಫೈಲು, ಇವೆಲ್ಲ ಪ್ರತಿ ಪುಟಕ್ಕೂ ಬೇಕು. ಮುಖಪುಟ ಹೊರಗೇ ಇದೆ, ವರದಿ ಮೂರು ಫೋಲ್ಡರ್ ಒಳಗಿದೆ. ಚುಕ್ಕೆಯ ದಾರಿ ಹಿಡಿದರೆ ಪ್ರತಿ ಪುಟಕ್ಕೂ ಬೇರೆ ಲೆಕ್ಕ: ಇಲ್ಲಿ ಒಂದು ಸಲ ಹೊರಕ್ಕೆ, ಅಲ್ಲಿ ಮೂರು ಸಲ ಹೊರಕ್ಕೆ. ಅಗಸೆಯಿಂದ ಎಣಿಸಿದರೆ ಎಲ್ಲ ಪುಟಕ್ಕೂ ಒಂದೇ ಸಾಲು. ಪುಟವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದರೂ ದಾರಿ ಕೆಡುವುದಿಲ್ಲ. ಪುಟದ ವಿಳಾಸದ ಕೊನೆಯಲ್ಲಿ ಓರೆಗೀಟು ಇದ್ದರೆ, ಇಲ್ಲದಿದ್ದರೆ ಏನಾಗುತ್ತದೆ ಅನ್ನುವ ತಲೆನೋವೂ ಇಲ್ಲ. ಚುಕ್ಕೆಯ ದಾರಿಗೆ ಆ ತಲೆನೋವು ಇದೆ. 'ಸಂಚಿಕೆ4' ಅಂತ ಮುಗಿದರೆ ಬ್ರೌಸರ್ ಅದನ್ನು ಫೈಲು ಅಂದುಕೊಳ್ಳುತ್ತದೆ, 'ಸಂಚಿಕೆ4/' ಅಂತ ಮುಗಿದರೆ ಫೋಲ್ಡರ್ ಅಂದುಕೊಂಡು ಅದರ ಒಳಗಿನಿಂದ ಎಣಿಸಲು ಶುರುಮಾಡುತ್ತದೆ. ಒಂದು ಗೀಟಿಗೆ ಒಂದು ಓಣಿ ವ್ಯತ್ಯಾಸ.

ಹಾಗಾದರೆ ನಮ್ಮ ಕೆರೆಯ ಫೋಟೊ ಯಾಕೆ ಕಾಣೆಯಾಯಿತು? ಆ ಪುಟ ಮಾಡಿದವರು ಅಗಸೆಯಿಂದಲೇ ದಾರಿ ಬರೆದಿದ್ದರು. ಹಳೆಯ ವಿಳಾಸದಲ್ಲಿ ಅದು ಸರಿಯಾಗಿಯೇ ಇತ್ತು. ತಾಣವನ್ನು ಎತ್ತಿ ಇನ್ನೊಂದು ತಾಣದ ಒಳಗೆ ಇಟ್ಟ ದಿನ ಅಗಸೆಯೇ ಬದಲಾಯಿತು. ಬೇರೆ ಊರಿಗೆ ಹೋಗಿ "ಅಗಸೆಯಿಂದ ಮೂರನೇ ಮನೆ" ಅಂದರೆ ಆ ಊರಿನ ಅಗಸೆ ತೋರಿಸುತ್ತಾರೆಯೇ ಹೊರತು ನಮ್ಮೂರಿನದನ್ನಲ್ಲ. ಫೋಟೊ ಈಗ ಇರುವುದು '/ಹಳೆಯದು/ಚಿತ್ರಗಳು/' ಎಂಬಲ್ಲಿ. ಪುಟ ಕೇಳುತ್ತಿರುವುದು '/ಚಿತ್ರಗಳು/' ಎಂಬುದನ್ನು. ಹೊಸ ತಾಣದಲ್ಲಿ ಆ ಹೆಸರಿನ ಫೋಲ್ಡರೇ ಇಲ್ಲ. ಸರ್ವರ್ 404 ಅಂದಿತು, ಅಂದರೆ ಸಿಗಲಿಲ್ಲ ಅಂತ.

ವಿಚಿತ್ರ ಅಂದರೆ ಅದೇ ತಾಣದ ಬೇರೆ ಕೆಲವು ಸಂಚಿಕೆಗಳಲ್ಲಿ ಫೋಟೊಗಳು ಚೆನ್ನಾಗಿಯೇ ಬರುತ್ತಿದ್ದವು. ಪುಟದ ಮೂಲ ತೆಗೆದು ನೋಡಿದಾಗ ಅವಕ್ಕೆ ಚುಕ್ಕೆಯ ದಾರಿ ಇತ್ತು. ಬರಹವೂ ಫೋಟೊವೂ ಒಟ್ಟಿಗೇ ಎತ್ತಂಗಡಿ ಆದದ್ದರಿಂದ ಅವುಗಳ ನಡುವಿನ ದೂರ ಹಾಗೇ ಉಳಿದಿತ್ತು. ಅಕ್ಕಪಕ್ಕದ ಮನೆಯವರು ಒಟ್ಟಿಗೇ ಬೇರೆ ಊರಿಗೆ ಹೋದರೆ ಅಲ್ಲಿಯೂ ಅಕ್ಕಪಕ್ಕದಲ್ಲೇ ಇದ್ದರೆ ಹೇಗೋ ಹಾಗೆ. ಇನ್ನು ಕೆಲವು ಪುಟಗಳ ಸ್ಥಿತಿ ಬೇರೆ. ಅವುಗಳಲ್ಲಿ ಫೋಟೊದ ದಾರಿ ಸಿ: ಡ್ರೈವಿನಿಂದ ಶುರುವಾಗುತ್ತಿತ್ತು. ಅಂದರೆ ಆ ಪುಟ ತಯಾರಿಸಿದ ಕಂಪ್ಯೂಟರಿನ ಒಳಗಿನ ದಾರಿ. ಆ ಕಂಪ್ಯೂಟರಿನಲ್ಲಿ ಕೂತು ನೋಡಿದರೆ ಎಲ್ಲ ಚೆಂದ. ಲೋಕದ ಬೇರೆ ಯಾವ ಕಂಪ್ಯೂಟರಿನಲ್ಲೂ ಆ ಫೋಟೊ ಒಂದು ದಿನವೂ ಕಂಡಿರಲಿಕ್ಕಿಲ್ಲ.

ಇದನ್ನು ನೋಡಿದ ಮೇಲೆ ನಮ್ಮೊಳಗೇ ಚರ್ಚೆ ಆಯಿತು. ಹಾಗಾದರೆ ಚುಕ್ಕೆಯ ದಾರಿಯೇ ಒಳ್ಳೆಯದಲ್ಲವೇ ಅಂತ ಕೆಲವರು, ಅಲ್ಲ, ಅಗಸೆಯ ದಾರಿಯೇ ಸರಿ ಅಂತ ಕೆಲವರು. ಎರಡು ಗುಂಪಿನ ಮಾತೂ ಅರ್ಧ ಸರಿ. ನಮಗೆ ಕೊನೆಗೆ ಹೊಳೆದದ್ದು ಇಷ್ಟು: ಯಾವ ದಾರಿ ಒಳ್ಳೆಯದು ಅಂತ ಕೇಳಬಾರದು, ನಾಳೆ ಯಾವುದು ಕದಲುತ್ತದೆ ಅಂತ ಕೇಳಬೇಕು. ಪುಟವೂ ಫೋಟೊವೂ ಒಟ್ಟಿಗೆ ಕದಲುವುದಾದರೆ ಚುಕ್ಕೆಯ ದಾರಿ ಉಳಿಯುತ್ತದೆ. ತಾಣದ ಒಳಗೆ ಪುಟವೊಂದೇ ಕದಲುವುದಾದರೆ ಅಗಸೆಯ ದಾರಿ ಉಳಿಯುತ್ತದೆ. ಪುಟವನ್ನು ಬೇರೆಯವರು ನಕಲು ಮಾಡಿ ತಮ್ಮ ತಾಣದಲ್ಲಿ ಹಾಕಿಕೊಳ್ಳುವುದಾದರೆ, ಮಿಂಚಂಚೆಯಲ್ಲಿ ಕಳಿಸುವುದಾದರೆ ಪೂರ್ತಿ ವಿಳಾಸವೊಂದೇ ಉಳಿಯುತ್ತದೆ. ಆದರೆ ತಾಣದ ಹೆಸರೇ ಬದಲಾದರೆ ಮೊದಲು ಸಾಯುವುದೂ ಅದೇ. ದಾರಿ ಬರೆಯುವುದು ಅಂದರೆ, ಏನು ಕದಲುವುದಿಲ್ಲ ಅಂತ ಮಾತು ಕೊಟ್ಟ ಹಾಗೆ. ಮಾತು ಕೊಡುವ ಮೊದಲು ಅದನ್ನು ಉಳಿಸಿಕೊಳ್ಳುವವರು ಯಾರು ಅಂತ ಯೋಚಿಸಬೇಕು.

ದುರಸ್ತಿಗೆ ಎರಡು ದಾರಿ ಇದ್ದವು. ನೂರಾರು ಪುಟ ತೆರೆದು ಪ್ರತಿಯೊಂದರಲ್ಲೂ 'ಹಳೆಯದು' ಅಂತ ಸೇರಿಸುವುದು ಒಂದು. ಹಾಗೆ ಮಾಡಿದರೆ ಮುಂದೊಂದು ದಿನ ಇನ್ನೊಮ್ಮೆ ಎತ್ತಂಗಡಿ ಆದಾಗ ಮತ್ತೆ ಅದೇ ಪಾಡು. ನಾವು ಹಿಡಿದದ್ದು ಇನ್ನೊಂದು. ಹಳೆಯ ತಾಣಕ್ಕೆ ಅದರದೇ ಅಗಸೆ ಕಟ್ಟಿಕೊಟ್ಟೆವು. ಮುಖ್ಯ ವಿಳಾಸದ ಮುಂದೆ ಒಂದು ಹೆಸರು ಸೇರಿಸಿ ಸಬ್‌ಡೊಮೈನ್ ಅಂತ ಮಾಡಬಹುದು. ಹೋಸ್ಟಿಂಗ್ ಕೊಟ್ಟವರ ಕಂಟ್ರೋಲ್ ಪ್ಯಾನೆಲಿನಲ್ಲೇ ಅದಕ್ಕೆ ಜಾಗ ಇರುತ್ತದೆ. ಆ ಸಬ್‌ಡೊಮೈನಿನ ಡಾಕ್ಯುಮೆಂಟ್ ರೂಟ್ ಯಾವ ಫೋಲ್ಡರ್ ಅಂತ ಕೇಳಿದಲ್ಲಿ 'ಹಳೆಯದು' ಅಂತ ಕೊಟ್ಟರೆ ಮುಗಿಯಿತು. ಒಂದು ಪುಟವನ್ನೂ ಮುಟ್ಟಲಿಲ್ಲ. ಹೊಸ ಹೆಸರಿನಿಂದ ತೆರೆದಾಗ ಓರೆಗೀಟು ಮತ್ತೆ ಅದೇ ಹಳೆಯ ಜಾಗಕ್ಕೆ ಕರೆದುಕೊಂಡು ಹೋಯಿತು. ಕೋಡಿಯ ನೀರು ಪುಟದಲ್ಲಿ ಕಂಡಿತು.

ಎಲ್ಲವೂ ಸರಿಯಾಗಲಿಲ್ಲ. ಇನ್ನೂ ಎಷ್ಟೋ ಚೌಕಗಳು ಖಾಲಿಯೇ ಇದ್ದವು. ಅವುಗಳ ದಾರಿ ಓದಿದರೆ ಸರಿ, ಫೋಲ್ಡರಿನಲ್ಲಿ ಅದೇ ಹೆಸರಿನ ಫೋಟೊ ಇದೆ, ಆದರೂ ಬರುತ್ತಿಲ್ಲ. ಕಾರಣ ನಮ್ಮ ಭಾಷೆಯಲ್ಲಿ ಇಲ್ಲದ ಒಂದು ವಿಷಯ. ಕನ್ನಡ ಅಕ್ಷರಗಳಿಗೆ ದೊಡ್ಡದು ಚಿಕ್ಕದು ಅಂತಿಲ್ಲ. ಇಂಗ್ಲಿಷಿನಲ್ಲಿದೆ. ಹಲವು ಕ್ಯಾಮೆರಾಗಳು ಫೋಟೊದ ಹೆಸರಿನ ಬಾಲವನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ. ಪುಟ ಮಾಡಿದವರು ಚಿಕ್ಕಕ್ಷರದಲ್ಲಿ ಟೈಪ್ ಮಾಡಿದ್ದರು. ವಿಂಡೋಸ್ ಕಂಪ್ಯೂಟರ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ ಹೆಸರು. ಮನೆಯಲ್ಲಿ ಕೂಸಿಗೆ ಎರಡು ಹೆಸರಿದ್ದರೂ ಶಾಲೆಯ ದಾಖಲೆಯಲ್ಲಿ ಒಂದೇ ನಡೆಯುವ ಹಾಗೆ. ಅವನ್ನು ಒಂದೊಂದಾಗಿ ಕೂತು ಸರಿಮಾಡಬೇಕಾಯಿತು.

ಸಿ: ಡ್ರೈವಿನ ದಾರಿ ಹಿಡಿದಿದ್ದ ಪುಟಗಳ ಕೆಲವು ಫೋಟೊಗಳು ಸರ್ವರಿಗೆ ಬಂದೇ ಇರಲಿಲ್ಲ. ಅವಕ್ಕಾಗಿ ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮಷಿನ್‌ನಲ್ಲೂ ಹುಡುಕಿದೆವು. 1996ರಿಂದ ಲೋಕದ ವೆಬ್ ಪುಟಗಳನ್ನು ತೆಗೆದಿಡುತ್ತಿರುವ ಸಂಸ್ಥೆ ಅದು. ಅಲ್ಲಿ ಪುಟದ ನಕಲು ಸಿಕ್ಕಿತು, ಫೋಟೊ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅದೂ ನಮ್ಮ ಬ್ರೌಸರಿನ ಹಾಗೆ ದಾರಿ ಹಿಡಿದು ಹೋಗಿಯೇ ತರಬೇಕು. ಅಂದು ದಾರಿ ತಪ್ಪಿದ್ದರೆ ಅದಕ್ಕೂ ಖಾಲಿ ಚೌಕವೇ ಗತಿ. ಆರ್ಕೈವ್ ಇದೆಯಲ್ಲ ಅನ್ನುವ ಧೈರ್ಯ ಅರ್ಧ ಮಾತ್ರ ನಿಜ ಅಂತ ಅವತ್ತು ತಿಳಿಯಿತು.

ಪಿಎಚ್‌ಪಿ ಬಳಸುವ ಗೆಳೆಯರಿಗೆ ಒಂದು ಮಾತು. ಒಂದೇ ಓರೆಗೀಟಿಗೆ ಎರಡು ಬೇರು ಇವೆ. ಬ್ರೌಸರ್ ಓದುವ ಸಾಲಿನಲ್ಲಿ ಮೊದಲ ಗೀಟು ಅಂದರೆ ತಾಣದ ರೂಟ್. ಸರ್ವರ್ ಒಳಗೇ ನಡೆಯುವ ಸಾಲಿನಲ್ಲಿ, ಉದಾಹರಣೆಗೆ ಎಲ್ಲ ಪುಟಕ್ಕೂ ಒಂದೇ ತಲೆಪಟ್ಟಿಯ ಫೈಲನ್ನು ಸೇರಿಸುವಲ್ಲಿ, ಅದೇ ಗೀಟು ಅಂದರೆ ಆ ಇಡೀ ಯಂತ್ರದ ರೂಟ್. ನಮ್ಮ ತಾಣ ಆ ಯಂತ್ರದ ಎಲ್ಲೋ ಒಳಗೆ, ನಾಲ್ಕು ಫೋಲ್ಡರ್ ಆಚೆ ಇರುತ್ತದೆ. ಊರಿನ ಅಗಸೆಗೂ ಜಿಲ್ಲೆಯ ಗಡಿಗೂ ಇರುವಷ್ಟು ವ್ಯತ್ಯಾಸ. ಅಂಥಲ್ಲಿ ಡಾಕ್ಯುಮೆಂಟ್ ರೂಟ್ ಎಂಬ ಸರ್ವರ್ ವೇರಿಯೇಬಲ್ಲನ್ನು ಮುಂದೆ ಹಾಕಿ ದಾರಿ ಬರೆದರೆ ಗೊಂದಲ ತಪ್ಪುತ್ತದೆ.

ಈ ಬೇರು ಬೇಲಿಯೂ ಹೌದು. ಹೊರಗಿನವರು ಬ್ರೌಸರಿನಿಂದ ಎಷ್ಟೇ ಚುಕ್ಕೆ ಹಾಕಿ ಹೊರಕ್ಕೆ ಹೊರಕ್ಕೆ ಅಂದರೂ ತಾಣದ ರೂಟ್ ದಾಟಿ ಯಂತ್ರದ ಒಳಗೆ ಇಣುಕಬಾರದು, ಅದನ್ನು ಸರ್ವರ್ ತಡೆಯಬೇಕು. 2021ರ ಅಕ್ಟೋಬರಿನಲ್ಲಿ ಅಪಾಚೆ ಸರ್ವರಿನ 2.4.49 ಆವೃತ್ತಿಯಲ್ಲಿ ಈ ಬೇಲಿಯೇ ತೂತಾಗಿದ್ದು ಬಯಲಾಯಿತು. ಚುಕ್ಕೆಗಳನ್ನು ಬೇರೆ ಸಂಕೇತದಲ್ಲಿ ಬರೆದರೆ ಸರ್ವರಿಗೆ ಗುರುತು ಸಿಗದೆ ಒಳಗೆ ಬಿಡುತ್ತಿತ್ತು. ಅದೇ ತಿಂಗಳು ತರಾತುರಿಯಲ್ಲಿ 2.4.50, ಅದೂ ಸಾಲದೆ 2.4.51 ಬಂದವು. ನಾವು ಸಣ್ಣವರು, ನಮ್ಮ ತಾಣಕ್ಕೆ ಯಾರು ಬರುತ್ತಾರೆ ಅನ್ನಬೇಡಿ. ತೂತು ಹುಡುಕುವುದು ಮನುಷ್ಯರಲ್ಲ, ತಂತ್ರಾಂಶಗಳು. ಅವಕ್ಕೆ ದೊಡ್ಡ ಮನೆ ಸಣ್ಣ ಮನೆ ಅಂತಿಲ್ಲ.

ಇಷ್ಟೆಲ್ಲ ಮಾಡುವಾಗ ನಮಗೆ ಮತ್ತೆ ಮತ್ತೆ ನೆನಪಾದದ್ದು ಪಹಣಿ. ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಇದೂ ಬೇರಿನಿಂದ ಎಣಿಸಿದ ದಾರಿಯೇ. ಹೊಸಹಳ್ಳಿ ಅಂತ ಬರೀ ಹೆಸರು ಹೇಳಿದರೆ ಯಾವ ಹೊಸಹಳ್ಳಿ ಅಂತ ಯಾರೂ ಹೇಳಲಾರರು, ನಮ್ಮ ರಾಜ್ಯದಲ್ಲಿ ಅಷ್ಟು ಹೊಸಹಳ್ಳಿಗಳಿವೆ. ಹೋಬಳಿ, ತಾಲ್ಲೂಕು ಸೇರಿಸಿದರೆ ಮಾತ್ರ ಒಂದೇ ಊರು ಉಳಿಯುತ್ತದೆ. ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಹಾಕುವುದೂ ಇದೇ ಓರೆಗೀಟನ್ನೇ.

ಆ ದಾರಿಯೂ ಕೆಡುತ್ತದೆ. ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಊರು ಒಂದು ಗೇಣೂ ಕದಲಲಿಲ್ಲ. ಹೊಲ ಅಲ್ಲೇ, ಕೆರೆ ಅಲ್ಲೇ. ಬೇರು ಮಾತ್ರ ಮೂರು ಸಲ ಬದಲಾಯಿತು. ಅಲ್ಲಿನ ಒಂದು ಹಳೆಯ ಸುದ್ದಿಯನ್ನು ಜಿಲ್ಲೆಯ ಹೆಸರು ಹಿಡಿದು ಹುಡುಕುವವರು ಯಾವ ವರ್ಷದ್ದು ಅಂತ ಮೊದಲು ಕೇಳಿಕೊಳ್ಳಬೇಕು. ಸುದ್ದಿಗಳನ್ನು ಜಿಲ್ಲೆಯ ಫೋಲ್ಡರಿನಲ್ಲಿ ಜೋಡಿಸಬೇಕೋ ವರ್ಷದ ಫೋಲ್ಡರಿನಲ್ಲೋ ಅಂತ ನಮ್ಮಲ್ಲಿ ಪ್ರಶ್ನೆ ಎದ್ದಾಗ ಉತ್ತರ ಸಿಕ್ಕಿದ್ದು ಇಲ್ಲಿಂದಲೇ. ಜಿಲ್ಲೆ ಬದಲಾಗಬಹುದು, ವರದಿ ಬಂದ ವರ್ಷ ಬದಲಾಗುವುದಿಲ್ಲ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಬರಹದಲ್ಲಿ ಇದನ್ನು ಹೇಳಿದ್ದಾರೆ. ಒಳ್ಳೆಯ ವಿಳಾಸ ಬದಲಾಗುವುದಿಲ್ಲ, ಆದ್ದರಿಂದ ಮುಂದೆ ಬದಲಾಗುವಂಥದ್ದನ್ನು ವಿಳಾಸದಲ್ಲಿ ಹಾಕಬೇಡಿ, ಹುಟ್ಟಿದ ತಾರೀಕು ಹಾಕಿದರೆ ಒಳ್ಳೆಯದು ಅನ್ನುವುದು ಅದರ ಸಾರ.

ಇನ್ನೂ ಹತ್ತಿರದ ಮಾತು ನಮ್ಮ ಬರವಣಿಗೆಯದು. ನಾವು ಕಲಿತ ಸುದ್ದಿಯ ಭಾಷೆ ಪೂರ್ತಿ ಚುಕ್ಕೆಯ ದಾರಿ. "ಇಲ್ಲಿಗೆ ಸಮೀಪದ ಗ್ರಾಮದಲ್ಲಿ ನಿನ್ನೆ" ಅಂತ ಶುರುಮಾಡುತ್ತೇವೆ. "ಸ್ಥಳೀಯ ಶಾಸಕರು", "ಹಾಲಿ ಅಧ್ಯಕ್ಷರು", "ಕಳೆದ ವಾರ", "ಈ ಭಾಗದ ರೈತರು". ಅಚ್ಚಿನ ಪತ್ರಿಕೆಯಲ್ಲಿ ಇದಕ್ಕೆ ತೊಂದರೆ ಇರಲಿಲ್ಲ. ಪುಟದ ನೆತ್ತಿಯ ಮೇಲೆ ತಾರೀಕು ಇತ್ತು, ಸುದ್ದಿಯ ಮೊದಲಿಗೆ ಊರಿನ ಹೆಸರಿತ್ತು. 'ನಿನ್ನೆ' ಅಂದರೆ ಯಾವತ್ತು, 'ಇಲ್ಲಿ' ಅಂದರೆ ಎಲ್ಲಿ ಅಂತ ಹಾಳೆಯೇ ಹೇಳುತ್ತಿತ್ತು. ಅದೇ ಸುದ್ದಿಯ ನಾಲ್ಕು ಸಾಲು ಕತ್ತರಿಸಿ ವಾಟ್ಸಾಪಿನಲ್ಲಿ ಕಳಿಸಿದ ಕೂಡಲೇ ಬೇರು ಕಡಿದು ಹೋಗುತ್ತದೆ. ಐದು ವರ್ಷದ ಹಿಂದಿನ ನಿನ್ನೆ ಇವತ್ತಿನ ನಿನ್ನೆ ಆಗುತ್ತದೆ. ಯಾವುದೋ ಊರಿನ ಗಲಾಟೆ ನಮ್ಮೂರಿನದಾಗುತ್ತದೆ. ಸುಳ್ಳು ಸುದ್ದಿ ಅಂತ ನಾವು ಬೈಯುವುದರಲ್ಲಿ ಎಷ್ಟೋ ಸುಳ್ಳಲ್ಲ, ವಿಳಾಸ ಕಳೆದುಕೊಂಡ ನಿಜ.

ಕೆರೆಯ ವರದಿಯಲ್ಲೂ ಇದೇ ಆಗಿತ್ತು. ಫೋಟೊ ಪುಟಕ್ಕೆ ಮರಳಿದ ಮೇಲೆ ಓದಿದರೆ ಅಡಿಬರಹದಲ್ಲಿ "ಭಾನುವಾರ ಕೋಡಿ ಬಿದ್ದ ಕೆರೆ" ಅಂತಷ್ಟೇ ಇತ್ತು. ಯಾವ ಭಾನುವಾರ? ಅರ್ಜಿಗೆ ಬೇಕಾಗಿದ್ದದ್ದು ಅದೇ. ಸಂಚಿಕೆಯ ತಾರೀಕಿಗೂ ಕ್ಯಾಮೆರಾ ಫೈಲಿನ ಒಳಗೇ ಬರೆದುಕೊಳ್ಳುವ ತಾರೀಕಿಗೂ ತಾಳೆ ನೋಡಿ ದಿನ ಗೊತ್ತುಮಾಡಿದೆವು. ಫೈಲಿನೊಳಗೆ ಆ ತಾರೀಕು ಉಳಿದಿದ್ದದ್ದು ಪುಣ್ಯ. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದು ಉಳಿಯುವುದಿಲ್ಲ. ಊರಿನವರಿಗೆ ಫೋಟೊ, ಸಂಚಿಕೆಯ ಪ್ರತಿ, ತೆಗೆದವರ ಸಹಿ ಇರುವ ಒಂದು ಕಾಗದ, ಮೂರನ್ನೂ ಕೊಟ್ಟೆವು. ಅರ್ಜಿ ಸೇರಿದೆ. ಅಳತೆ ಇನ್ನೂ ಆಗಿಲ್ಲ.

ಇದಾದ ಮೇಲೆ ನಾವು ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ. ನಿಮಗೂ ಉಪಯೋಗವಾದೀತು.

ತಾಣಕ್ಕೆ ಸ್ವಂತ ವಿಳಾಸವೋ ಸಬ್‌ಡೊಮೈನೋ ಇದ್ದರೆ ಎಲ್ಲ ಪುಟಕ್ಕೂ ಬೇಕಾದವಕ್ಕೆ ಅಗಸೆಯ ದಾರಿಯನ್ನೇ ಬರೆಯುತ್ತೇವೆ. ಬೇರೆಯವರ ತಾಣದ ಒಂದು ಫೋಲ್ಡರಿನಲ್ಲಿ ಬಿಡಾರ ಹೂಡಿದ್ದರೆ ಬರೆಯುವುದಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟಿನ ಹೆಸರಿನಲ್ಲಿ ಬಿಟ್ಟಿ ತಾಣ ಮಾಡಿಕೊಂಡವರು ಇದನ್ನು ಗಮನಿಸಿ. ಅಲ್ಲಿ ಪ್ರಾಜೆಕ್ಟಿನ ಹೆಸರೂ ಒಂದು ಫೋಲ್ಡರಿನ ಹಾಗೆ ವಿಳಾಸದಲ್ಲಿ ಸೇರಿಕೊಳ್ಳುತ್ತದೆ, ಮೊದಲ ಗೀಟು ಅದನ್ನು ಬಿಟ್ಟು ಹೊರಗಿನಿಂದ ಎಣಿಸುತ್ತದೆ.

ಒಂದು ವರದಿಗೆ ಮಾತ್ರ ಸೇರಿದ ಫೋಟೊಗಳನ್ನು ಆ ವರದಿಯ ಫೋಲ್ಡರಿನಲ್ಲೇ ಇಡುತ್ತೇವೆ, ಬರೀ ಹೆಸರಿನಿಂದ ಕರೆಯುತ್ತೇವೆ. ಎತ್ತಿದರೆ ಎರಡೂ ಒಟ್ಟಿಗೆ ಏಳುತ್ತವೆ.

ಫೈಲಿನ ಹೆಸರು ಇಂಗ್ಲಿಷಿನ ಚಿಕ್ಕಕ್ಷರದಲ್ಲಿ, ಜಾಗ ಬಿಡದೆ. ಕನ್ನಡದಲ್ಲೂ ಇಡಬಹುದು, ನಡೆಯುತ್ತದೆ. ಆದರೆ ವಿಳಾಸ ನಕಲು ಮಾಡಿ ಅಂಟಿಸಿದಾಗ ಎಷ್ಟೋ ಕಡೆ ಒಂದೊಂದು ಕನ್ನಡ ಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. 'ಕೆರೆ' ಎಂಬ ಎರಡಕ್ಷರ ಶೇಕಡಾ ಗುರುತುಗಳಿಂದ ತುಂಬಿದ 36 ಚಿಹ್ನೆಗಳ ಸಾಲಾಗುತ್ತದೆ. ಓದುಗರು ಅದನ್ನು ನೋಡಿ ವೈರಸ್ ಇರಬೇಕು ಅಂತ ಹೆದರುತ್ತಾರೆ.

ಪ್ರತಿ ಫೋಟೊಕ್ಕೂ ಬದಲಿ ಬರಹ ಹಾಕುತ್ತೇವೆ. ಫೋಟೊ ಬಾರದೇ ಹೋದರೆ ಆ ಚೌಕದಲ್ಲಿ ಕಾಣುವ ಸಾಲು ಅದು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಓದಿ ಹೇಳುವುದೂ ಅದನ್ನೇ. ಅದರಲ್ಲಿ ಊರು, ತಾಲ್ಲೂಕು, ತಾರೀಕು ಇರಲೇಬೇಕು. ವರದಿಯ ಒಳಗೂ ಒಂದು ಕಡೆಯಾದರೂ 'ನಿನ್ನೆ'ಯ ಪಕ್ಕ ತಾರೀಕು, 'ಇಲ್ಲಿ'ಯ ಪಕ್ಕ ಊರ ಹೆಸರು.

ಕೊನೆಯದು, ಪುಟ ಏರಿಸಿದ ಮೇಲೆ ಏರಿಸಿದವರ ಕಂಪ್ಯೂಟರಿನಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳುವುದಿಲ್ಲ. ಬೇರೊಬ್ಬರ ಫೋನಿನಲ್ಲಿ, ಬೇರೆ ನೆಟ್‌ವರ್ಕಿನಲ್ಲಿ ತೆರೆದು, ಮುಖಪುಟದಿಂದ ಒಮ್ಮೆ, ನೇರ ವಿಳಾಸದಿಂದ ಒಮ್ಮೆ ನೋಡುತ್ತೇವೆ. ವರ್ಷಕ್ಕೊಮ್ಮೆ ಇಡೀ ತಾಣವನ್ನು ಪೆನ್ ಡ್ರೈವಿಗೆ ಇಳಿಸಿ, ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯುತ್ತೇವೆ. ಅಲ್ಲಿ ಅಗಸೆಯ ದಾರಿಗಳೆಲ್ಲ ಕೈಕೊಡುತ್ತವೆ, ಅಲ್ಲಿ ಮೊದಲ ಗೀಟು ಡಿಸ್ಕಿನ ಬೇರಿಗೆ ಹೋಗುತ್ತದೆ. ಡಬ್ಲ್ಯುಗೆಟ್ ಎಂಬ ಬಿಟ್ಟಿ ತಂತ್ರಾಂಶ ತಾಣವನ್ನು ಇಳಿಸುವಾಗಲೇ ಅಂಥ ದಾರಿಗಳನ್ನು ಚುಕ್ಕೆಯ ದಾರಿಯಾಗಿ ಬದಲಿಸಿಕೊಡುತ್ತದೆ, ಹಾಗೆ ಕೇಳಬೇಕು ಅಷ್ಟೆ. ಆ ಪೆನ್ ಡ್ರೈವಿನ ಒಂದು ಪ್ರತಿಯನ್ನು ಈ ವರ್ಷದಿಂದ ನಾವು ಬರೆದ ಊರುಗಳ ಗ್ರಂಥಾಲಯಗಳಿಗೂ ಕೊಡಲು ಶುರುಮಾಡಿದ್ದೇವೆ. ನಮ್ಮ ತಾಣದ ಬಾಡಿಗೆ ಯಾರೂ ಕಟ್ಟದ ಕಾಲ ಬಂದರೂ ಆ ಊರಿನ ಕೆರೆ ತುಂಬಿದ್ದು ಆ ಊರಿನವರ ಕೈಯಲ್ಲಿ ಇರಲಿ ಅಂತ.